ಐದೂವರೆಯ ಹೀಟರು

ನನ್ನ ಪಕ್ಕದ ಗಾಡಿಯಲ್ಲಿದ್ದ ತಕ್ಕಡಿಯವರ ಬಗ್ಗೆ ಹೇಳಬೇಕಂದ್ರೆ ಮೊದಲು ಅವರ ಹೀಟರಿನ ಬಗ್ಗೆ ಹೇಳಬೇಕು. ನಾಲ್ಕು ವರ್ಷ ನನಗೆ ಗೊತ್ತಿದ್ದದ್ದು ಅದೊಂದೇ. ಮನುಷ್ಯ ಆಮೇಲೆ ಗೊತ್ತಾದರು. ಗೊತ್ತಾಗೋ ಹೊತ್ತಿಗೆ ಹೊರಟೂ ಹೋದರು.

ಬೆಳಿಗ್ಗೆ ಐದೂವರೆಗೆ ಸರಿಯಾಗಿ ಶುರು. ಮೊದಲು ಟಕ್, ಟಕ್, ಟಕ್. ಹೊತ್ತಿಕೊಳ್ಳೋದಿಲ್ಲ. ಮತ್ತೆ ಟಕ್, ಟಕ್. ಆಮೇಲೆ ಭುಸ್ ಅಂತ ಬೆಂಕಿ ಹಿಡಿದು, ಒಳಗಿನ ಫ್ಯಾನು ಗುರ್ರೋ ಅಂತ ತಿರುಗೋಕೆ ಹಿಡೀತು ಅಂದ್ರೆ ನನ್ನ ಗಾಡಿಯ ತಟ್ಟೆ ಲೋಟ ಎಲ್ಲ ಗಲಗಲ. ಇಬ್ಬರ ಗಾಡಿ ನಡುವೆ ಎರಡು ಮಾರು ಜಾಗ ಅಷ್ಟೇ. ನಾನು ಹಾಸಿಗೆ ಬಿಡದೆ, ಕೈಗೆ ಸಿಗೋ ಹಾಗೆ ನೇತುಹಾಕಿದ್ದ ಸೌಟು ತೆಗೆದು ತಗಡಿನ ಗೋಡೆಗೆ ಮೂರು ಸಲ ಬಡಿಯುತ್ತಿದ್ದೆ. ಸೌಟು ಸೊಟ್ಟಗಾಯಿತೇ ಹೊರತು ಆ ಹೀಟರಿಗೆ ಬುದ್ಧಿ ಬರಲಿಲ್ಲ. ನಾಲ್ಕು ವರ್ಷ, ಚಳಿಗಾಲದ ಒಂದು ದಿನವೂ ತಪ್ಪದೆ ಹೀಗೇ ನಡೀತು.

ನಾವಿರೋದು ಊರಿನ ಅಂಚಿನ ಜಲ್ಲಿ ಹಾಸಿದ ಮೈದಾನದಲ್ಲಿ. ಮನೆಗಾಡಿಗಳ ಮೈದಾನ. ವ್ಯಾನಿನೊಳಗೇ ಮಂಚ, ಒಲೆ, ಮಡಚೋ ಮೇಜು, ಒಬ್ಬರು ಹೊಕ್ಕರೆ ತಿರುಗೋಕೂ ಆಗದಂಥ ಕಕ್ಕಸು, ಅಂಥ ಗಾಡಿಗಳು. ಬೇಸಿಗೆಯಲ್ಲಿ ರಜೆಗೆ ಬಂದವರು ತುಂಬಿ ತುಳುಕ್ತಾರೆ. ಮಕ್ಕಳು, ಚೆಂಡು, ಒಣಹಾಕಿದ ಟವೆಲ್ಲು, ಗಲಾಟೆಯೋ ಗಲಾಟೆ. ಚಳಿ ಬಿತ್ತೋ, ಎಲ್ಲರೂ ಗಂಟುಮೂಟೆ ಕಟ್ಟಿ ಇಟ್ಟಿಗೆ ಮನೆಗಳಿಗೆ ಓಡ್ತಾರೆ. ಉಳಿಯೋದು ಎಂಟೊಂಬತ್ತು ಜನ, ಗಾಡಿ ಬಿಟ್ಟರೆ ಬೇರೆ ಮನೆ ಇಲ್ಲದವರು. ನಾನು ಬಸ್ಸು ಲಾರಿಗಳ ಸೀಟು ಹೊಲಿಯೋಳು. ಗಂಡ ಇದ್ದಾನೆ, ಬೇರೆ ಊರಲ್ಲಿ, ಬೇರೆ ಹೆಂಡತಿ ಜೊತೆ. ಅವನ ಸುದ್ದಿ ಇಲ್ಲಿ ಬೇಡ, ಅವನಿಗೆ ಇದಕ್ಕಿಂತ ಜಾಸ್ತಿ ಜಾಗ ಕೊಡೋಳಲ್ಲ ನಾನು.

ಹೋದ ವರ್ಷದ ಚಳಿಯಲ್ಲಿ ಮೂರನೇ ನಂಬರಿನ ಟೈಪಿಂಗ್ ಟೀಚರಮ್ಮ ಗಾಡಿಯೊಳಗೇ ತೀರಿಕೊಂಡರು. ನಮಗೆ ಗೊತ್ತಾದದ್ದು ನಾಲ್ಕನೇ ದಿನ. ನಾಲ್ಕು ದಿನ ನಾವೆಲ್ಲ ಅವರ ಬಾಗಿಲ ಮುಂದೆಯೇ ನೀರಿನ ಕೊಡ ಹಿಡಿದು ಓಡಾಡಿದ್ದೆವು. ಅದಾದ ಮೇಲೆ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ಹೊಟ್ಟೆಯಲ್ಲೂ ಒಂದೇ ಹೆದರಿಕೆ. ಸಾಯೋದಕ್ಕಲ್ಲ, ಅದು ಯಾರನ್ನು ಬಿಟ್ಟಿದೆ. ಆ ನಾಲ್ಕನೇ ದಿನಕ್ಕೆ ಹೆದರಿದ್ದೆವು. ಆದರೂ ನೋಡಿ, ಹೋಗಿ ಒಬ್ಬರನ್ನೊಬ್ಬರು ಮಾತಾಡಿಸಿದೆವಾ? ಇಲ್ಲ. ಒಂಟಿ ಜನಕ್ಕೆ ಬಿಗುಮಾನ ಜಾಸ್ತಿ.

ಈ ಸಲ ಚಳಿ ಶುರುವಾದ ಮೊದಲ ವಾರ ನನಗೆ ತಡೆಯಲಿಲ್ಲ. ಇವತ್ತು ಇವರನ್ನ ನೋಡಿಯೇ ಬಿಡ್ತೀನಿ ಅಂತ ಸೌಟು ಕೈಯಲ್ಲೇ ಹಿಡಿದು ಹೋಗಿ ಬಾಗಿಲು ತಟ್ಟಿದೆ.

"ಬಾಗಿಲು ತೆಗೆದಿದೆ, ಬನ್ನಿ. ಒಂದು ನಿಮಿಷ ಮಾತಾಡಬೇಡಿ, ಮುಳ್ಳು ನಿಲ್ಲಲಿ" ಅಂದರು ಒಳಗಿನಿಂದ.

ನೋಡಿದರೆ ಗಾಡಿಯ ನಡುವೆ ದೊಡ್ಡ ತೂಕದ ಮಷೀನು, ಅದರ ಮೇಲೆ ಗ್ಯಾಸ್ ಸಿಲಿಂಡರು. ಇವರು ಕನ್ನಡಕ ಹಣೆಗೇರಿಸಿ, ಮೊಣಕಾಲೂರಿ, ಮುಳ್ಳಿನ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದಾರೆ. ತೆಳ್ಳಗೆ, ಉದ್ದಕ್ಕೆ, ಕಿವಿ ಮುಚ್ಚೋ ಟೋಪಿ. ಸಂತೆ ಸಂತೆ ತಿರುಗಿ ವ್ಯಾಪಾರದವರ ತಕ್ಕಡಿ, ಮಷೀನು ಸರಿಮಾಡೋದು ಅವರ ಕಸುಬು. ಅದಕ್ಕೇ ಮೈದಾನದಲ್ಲಿ ಎಲ್ಲರಿಗೂ ಅವರು ತಕ್ಕಡಿಯವರು. ಗೋಡೆ ತುಂಬ ಕಬ್ಬಿಣದ ತೂಕದ ಕಲ್ಲುಗಳು, ದೊಡ್ಡದರಿಂದ ಚಿಕ್ಕದಕ್ಕೆ, ಶಾಲೆ ಮಕ್ಕಳು ಸಾಲಾಗಿ ನಿಂತ ಹಾಗೆ.

"ಒಂದು ಗಂಟೆಗೆ ಇನ್ನೂರೈವತ್ತು ಗ್ರಾಂ" ಅಂದರು, ನನ್ನ ಕಡೆ ನೋಡದೆ. "ಹೊಟ್ಟೆಬಾಕ. ಇಷ್ಟು ತಿಂದೂ ನನ್ನ ಕಾಲು ಬೆಚ್ಚಗಾಗಲ್ಲ. ಏನಕ್ಕಾ ಬಂದದ್ದು?"

ಅಕ್ಕ ಅಂತೆ! ನನಗಿಂತ ಆರು ವರ್ಷ ದೊಡ್ಡವರು ಅಂತ ಆಮೇಲೆ ಗೊತ್ತಾಯಿತು.

"ಬಂದದ್ದು ಇದೇ ಹೊಟ್ಟೆಬಾಕನ ವಿಷಯಕ್ಕೆ. ನಾನು ದಿನಾ ಗೋಡೆ ಬಡಿಯೋದು ಕೇಳಿಸಲ್ವಾ ನಿಮಗೆ?"

"ಕೇಳಿಸುತ್ತೆ."

"ಮತ್ತೆ?"

"ನೀವು ಏಳೋದೇ ಆ ಹೊತ್ತಿಗೆ ಅಂದ್ಕೊಂಡಿದ್ದೆ" ಅಂದುಬಿಟ್ಟರು ಪುಣ್ಯಾತ್ಮ! ನನಗೆ ನಗು ಬಂತು. ಜಗಳಕ್ಕೆ ಹೋದವಳು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಆ ಹೀಟರು ಹಳೇ ಕಾಲದ್ದು. ಬಿಸಿ ಎಷ್ಟಿದೆ ನೋಡಿ ತಾನೇ ಹೊತ್ತಿ ತಾನೇ ಆರೋ ಗುಂಡಿ ಯಾವತ್ತೋ ಸತ್ತಿತ್ತು. ಮಲಗುವಾಗ ಇವರೇ ಆರಿಸಬೇಕು, ಬೆಳಿಗ್ಗೆ ಎದ್ದು ಇವರೇ ಹೊತ್ತಿಸಬೇಕು. ಬೇರೆ ಹಾಕಿಸಬೇಕು ಅಂತ ಅವರಿಗೂ ಇತ್ತು. ಹೀಟರಿನ ಅಂಗಡಿಯವನು ನಾಲ್ಕೈದು ಬಗೆ ಹೇಳಿದ್ದ, ಒಂದೊಂದಕ್ಕೂ ಇಷ್ಟು ಉಳಿತಾಯ ಅಷ್ಟು ಉಳಿತಾಯ ಅಂದಿದ್ದ. ತಕ್ಕಡಿಯವರು ಯಾರ ಮಾತನ್ನೂ ಹಾಗೇ ನಂಬೋ ಪೈಕಿ ಅಲ್ಲ. ಹಳೇದು ಎಷ್ಟು ತಿನ್ನುತ್ತೆ ಅಂತ ತಾವೇ ತೂಗಿ ನೋಡದೆ ಹೊಸದನ್ನ ಆರಿಸೋದು ಹೇಗೆ ಅಂತ, ಐದಾರು ದಿನದಿಂದ ಬೆಳಿಗ್ಗೆ ಸಂಜೆ ಸಿಲಿಂಡರು ತೂಗುತ್ತಾ ಕೂತಿದ್ದರು. ಗ್ರಾಮು ಲೆಕ್ಕದಲ್ಲಿ ಜೀವನ ಮಾಡೋ ಮನುಷ್ಯ.

"ಕರೆಂಟಿನದು ಹಾಕಿಸಿ, ಸುಮ್ಮನೆ ಉರಿಯುತ್ತೆ" ಅಂದೆ.

"ಈ ಕಂಬ ನಮಗೆ ಕೊಡೋ ಕರೆಂಟು ಎಷ್ಟು ಅಂತ ಗೊತ್ತಾ? ಹೀಟರು ಹಾಕಿ ನೀವು ಹೊಲಿಗೆ ಮಷೀನು ತುಳಿದ್ರೆ ಇಡೀ ಸಾಲು ಕತ್ತಲೆ."

"ಡೀಸಲ್ಲಿನದು?"

"ಒಳ್ಳೇದೇ. ಗಾಡಿ ಟ್ಯಾಂಕಿಂದಲೇ ಎಳ್ಕೊಳ್ಳುತ್ತೆ, ತಿನ್ನೋದೂ ಕಮ್ಮಿ. ಆದ್ರೆ ಅದರ ಪಂಪು ಟಿಕ್ ಟಿಕ್ ಅನ್ನುತ್ತಲೇ ಇರುತ್ತೆ. ಇನ್ನೊಂದು ಹೊಸ ತರದ ಗ್ಯಾಸಿನದು ಇದೆ. ಚಿಕ್ಕದು. ಒಂದೇ ಸಮ ಮೆಲ್ಲಗೆ ಉರಿಯುತ್ತೆ, ಚಳಿ ಹೆಚ್ಚಾದ್ರೆ ತಾನೇ ಹೆಚ್ಚು, ಕಮ್ಮಿಯಾದ್ರೆ ತಾನೇ ಕಮ್ಮಿ. ಬ್ಯಾಟರಿನೂ ಹೆಚ್ಚು ತಿನ್ನಲ್ಲ, ಶಬ್ದವೂ ಇಲ್ಲ. ಆದ್ರೆ ನನ್ನ ಗಾಡಿ ಜರಡಿ ಇದ್ದ ಹಾಗೆ, ಎಲ್ಲ ಕಡೆ ಗಾಳಿ. ಇದಕ್ಕೆ ಆ ಚಿಕ್ಕದು ಸಾಲಲ್ಲ. ದೊಡ್ಡದು ಹಾಕಿಸ್ಕೊಂಡ್ರೆ ಮತ್ತೆ ಹೊಟ್ಟೆಬಾಕನೇ ಆಯ್ತಲ್ಲ?"

ಸೀಟಿನೊಳಗೆ ಹಾಕೋ ದಪ್ಪ ಸ್ಪಂಜು ನನ್ನ ಹತ್ತಿರ ಬೇಕಾದಷ್ಟು ಬಿದ್ದಿತ್ತು. ಕಸುಬು ಗೊತ್ತಿದ್ದವಳ ಬಾಯಿ ಸುಮ್ಮನಿರುತ್ತಾ? "ಕಿಟಕಿ, ಬಾಗಿಲು, ಮುಂದಿನ ಗಾಜು, ಎಲ್ಲಕ್ಕೂ ನಾನು ದಪ್ಪ ಪರದೆ ಹೊಲಿದುಕೊಡ್ತೀನಿ. ಸೂಜಿ ಮೊನೆಯಷ್ಟು ಗಾಳಿ ಬರಲ್ಲ. ಆಗ ಆ ಚಿಕ್ಕದೇ ಸಾಕಾಗುತ್ತೆ. ಡೀಸಲ್ಲಿನದು ಮಾತ್ರ ಬೇಡ. ಗುರ್ರ್ ಹೋಗಿ ಟಿಕ್ ಟಿಕ್ ಬಂದ್ರೆ ನಾನು ಈ ಸೌಟು ನಿಮ್ಮ ತಲೆಗೇ ಬಡೀತೀನಿ."

ಆ ಒಂದು ವಾರ ನಾನು ಯಾವತ್ತೂ ಮರೆಯಲ್ಲ. ಅವರ ಗಾಡಿಯಲ್ಲಿ ನಾನು ಅಳತೆ ಹಿಡಿಯೋದು, ಅವರು ಅಳತೆ ತಪ್ಪು ಅಂತ ತಮ್ಮ ಉಕ್ಕಿನ ಟೇಪಿನಿಂದ ಮತ್ತೆ ಅಳೆಯೋದು. "ನಲವತ್ತು ವರ್ಷದಿಂದ ಹೊಲೀತಿದ್ದೀನಿ ತಕ್ಕಡಿಯವರೇ" ಅಂತ ನಾನು. "ನಲವತ್ತು ವರ್ಷದಿಂದ ಅರ್ಧ ಬೆರಳು ಜಾಸ್ತಿ ಹೊಲೀತಿದ್ದೀರಿ ಅಕ್ಕಾ" ಅಂತ ಅವರು. ಅವರಿಗೆ ಮದುವೆ ಆಗಿರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, ತೂಗುತ್ತಾ ತೂಗುತ್ತಾ ವಯಸ್ಸು ಕಳೀತು ಅಂದರು. ದೂರದ ಊರಲ್ಲಿ ಒಬ್ಬ ತಂಗಿ, ತಿಂಗಳಿಗೊಂದು ಫೋನು. ಅಷ್ಟೇ ಅವರ ಬಳಗ. ಮೂರನೇ ನಂಬರಿನ ಟೀಚರಮ್ಮನ ಮಾತೂ ಬಂತು. "ಅವರದ್ದು ಸದ್ದೇ ಇಲ್ಲದ ಗಾಡಿ" ಅಂದರು. ಹಾಗಂದು ಮತ್ತೆ ಟೇಪು ಎಳೆದರು. ನಾನು ದಾರ ಕತ್ತರಿಸಿದೆ. ಆ ಮಾತು ಇಬ್ಬರ ಕಣ್ಣೆದುರೇ ಬಿದ್ದಿತ್ತು, ಇಬ್ಬರೂ ಎತ್ತಿಕೊಳ್ಳಲಿಲ್ಲ. ಗ್ಯಾಸು ತೂಗಿದೆವು, ಬ್ಯಾಟರಿ ನೋಡಿದೆವು, ಗಾಳಿ ಬರೋ ಬಿರುಕು ಮುಚ್ಚಿದೆವು, ಇದೊಂದನ್ನ ಮರೆತೆವು.

ಹೊಸ ಹೀಟರು ಬಂತು. ಅಂಗಡಿಯವನು ಕೂರಿಸಿ ಹೋದ. ಹಳೇದನ್ನ ಗುಜರಿಗೆ ಹಾಕಿ ಅಂದರೆ ಇವರು ಕೇಳಲಿಲ್ಲ, ಒರೆಸಿ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿಟ್ಟರು. ಸಂಜೆ ನನ್ನನ್ನ ಕರೆದು ಮೇಜಿನ ಮುಂದೆ ಕೂರಿಸಿ, "ಕೇಳಿ" ಅಂದರು. ನಾನು ಕಿವಿಯಿಟ್ಟು ಕೇಳಿದೆ. ಏನೂ ಇಲ್ಲ. ಕಾಲ ಹತ್ತಿರ ಮಾತ್ರ ಹದವಾದ ಬಿಸಿ. "ಈಗ ಹೊರಗೆ ಹೋಗಿ ನೋಡಿ" ಅಂದರು. ಹೊರಗೆ ನಿಂತು ನೋಡಿದರೆ ಗಾಡಿಯೊಳಗೆ ದೀಪ ಇದೆಯೋ ಇಲ್ಲವೋ ತಿಳಿಯದು, ಒಂದು ಗೆರೆ ಬೆಳಕೂ ಆಚೆ ಬರುತ್ತಿರಲಿಲ್ಲ. ನನ್ನ ಹೊಲಿಗೆ ಅಂದ್ರೆ ಸುಮ್ಮನೆ ಅಲ್ಲ ಅಂತ ಹೆಮ್ಮೆಯಿಂದ ಹೋಗಿ ಮಲಗಿದೆ.

ಮಾರನೇ ಬೆಳಿಗ್ಗೆ ಐದೂವರೆಗೆ ಎಚ್ಚರ ಆಯಿತು. ಅಭ್ಯಾಸ ಬಲ ನೋಡಿ. ಕೈ ಸೌಟಿನ ಮೇಲೆ ಹೋಯಿತು. ಬಡಿಯೋದಕ್ಕೆ ಏನಿದೆ? ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಮಾಡಿದೆ. ಮೂರ್ನಾಲ್ಕು ದಿನ ಸ್ವರ್ಗ. ಆಮೇಲೆ ಯಾಕೋ ಬೆಳಗಿನ ಹೊತ್ತು ಆ ಕಡೆಗೇ ಕಿವಿ. ಎದ್ದರಾ, ಇಲ್ಲವಾ? ಹೋಗಿ ನೋಡೋಣ ಅಂದ್ರೆ ನೆಪ ಏನು? ಪರದೆ ಮುಗಿದಿತ್ತು, ಅಳತೆ ಮುಗಿದಿತ್ತು. ಸುಮ್ಮಸುಮ್ಮನೆ ಒಬ್ಬ ಗಂಡಸಿನ ಬಾಗಿಲು ತಟ್ಟಿ "ಇದ್ದೀರಾ?" ಅಂತ ಕೇಳೋಕಾಗುತ್ತಾ? ನನ್ನ ಹಾಳು ಬಿಗುಮಾನ.

ಒಂಬತ್ತನೇ ದಿನ, ಸೋಮವಾರ, ನೀರಿಗೆ ಹೋಗುವಾಗ ಅವರ ಬಾಗಿಲ ಹಿಡಿಗೆ ಹಾಲಿನ ಪ್ಯಾಕೆಟ್ಟು ನೇತಾಡ್ತಿತ್ತು. ಹಾಲಿನವನು ಆರಕ್ಕೆ ಹಾಕಿ ಹೋಗ್ತಾನೆ, ಅವರು ಆರೂ ಐದಕ್ಕೆ ಒಳಗೆ ತಗೊಳ್ತಾರೆ. ಆಗ ಒಂಬತ್ತು ಗಂಟೆ. ನೋಡಿದೆ. ನೋಡಿ, ಬೆಚ್ಚಗೆ ಮಲಗಿರಬೇಕು ಬಿಡು, ಹೊಸ ಹೀಟರಿನ ಸುಖ ಅಂದುಕೊಂಡೆ. ಹಾಗಂದುಕೊಂಡು ಬಂದು ಮಷೀನು ತುಳಿದೆ. ಇಪ್ಪತ್ತು ಸೀಟಿನ ಕೆಲಸ ಇತ್ತು. ಸಂಜೆ ಬೇಗ ಕತ್ತಲಾಯಿತು, ಆ ಕಡೆ ನೋಡಲೇ ಇಲ್ಲ.

ಮಂಗಳವಾರ ಹನ್ನೊಂದಕ್ಕೆ ಹೊರಗೆ ಬಂದರೆ ಬಾಗಿಲ ಹಿಡಿಯಲ್ಲಿ ಎರಡು ಪ್ಯಾಕೆಟ್ಟು.

ಕೊಡ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಬಾಗಿಲು ಬಡಿದೆ, ಕೂಗಿದೆ. ಒಳಗಿನಿಂದ ಸದ್ದಿಲ್ಲ. ಅಂಗೈ ಇಟ್ಟು ನೋಡಿದರೆ ತಗಡು ಬೆಚ್ಚಗಿದೆ. ಮೈದಾನದ ಕಾವಲಿನವರನ್ನ ಕರೆದುತಂದೆ, ಅವರು ಕಬ್ಬಿಣದ ಸಲಾಕೆ ಹಾಕಿ ಬಾಗಿಲು ಮೀಟಿದರು. ಬಾಗಿಲಿಗೆ ನಾನೇ ಹೊಲಿದ ಪರದೆ ಸರಿಸಿದರೆ, ಮಂಚಕ್ಕೂ ಮೇಜಿಗೂ ನಡುವೆ ಇವರು ಬಿದ್ದಿದ್ದಾರೆ. ಒಂದು ಕಾಲು ನೋಡಬಾರದ ಹಾಗೆ ತಿರುಗಿದೆ. ಕೈಯಲ್ಲಿ ಅರ್ಧ ಕಿಲೋ ತೂಕದ ಕಲ್ಲು. ತುಟಿ ಒಣಗಿ ಬಿಳಿಚಿಕೊಂಡಿದೆ. ಕಣ್ಣು ಮಾತ್ರ ತೆರೆದಿದೆ.

"ಅಕ್ಕಾ" ಅಂದರು. ಜೀವ ಇತ್ತು. ನಾನು ಸೆರಗಿನ ತುದಿ ನೀರಿಗದ್ದಿ ಆ ತುಟಿಗೆ ಹಿಡಿದೆ.

ಆಸ್ಪತ್ರೆಯಲ್ಲಿ ಮೂರನೇ ದಿನ ಮಾತಾಡೋ ಹಾಗಾದರು. ತೊಡೆಯ ಮೂಳೆ ಮುರಿದಿತ್ತು. ಸೋಮವಾರ ಬೆಳಿಗ್ಗೆ ಐದಕ್ಕೆ ಎದ್ದವರು ಕಾಲಿಗೆ ಕಂಬಳಿ ಸಿಕ್ಕಿ ಬಿದ್ದದ್ದು. ಮೂವತ್ತು ಗಂಟೆ ನೆಲದ ಮೇಲೆ. ಬೆಚ್ಚಗಿದ್ದದ್ದಕ್ಕೆ ಉಳಿದರು, ಇಲ್ಲದಿದ್ದರೆ ಈ ಚಳಿಗೆ ಮೊದಲ ದಿನವೇ ಮುಗಿದಿತ್ತು ಅಂತ ಡಾಕ್ಟರಮ್ಮ ಹೇಳಿದರು. ಇವರು ಕಣ್ಣುಬಿಟ್ಟು ನನ್ನನ್ನ ಕೇಳಿದ ಮೊದಲ ಮಾತು ಏನು ಗೊತ್ತಾ?

"ಸಿಲಿಂಡರು ತೂಗಿದ್ರಾ?"

"ನಿಮ್ಮ ಸಿಲಿಂಡರಿಗೆ ಬೆಂಕಿ ಬೀಳ!" ಅಂದೆ. ಅಂದಮೇಲೆ ನಾನೇನಂದೆ ಅಂತ ಗೊತ್ತಾಗಿ ಇಬ್ಬರೂ ನಕ್ಕೆವು. ನಗೋಕೆ ಹೋಗಿ ಅವರಿಗೆ ಕಾಲು ನೋವಾಯಿತು.

"ಎರಡೂವರೆ ಕಿಲೋ ಮೇಲೆ ಖರ್ಚಾಗಿರಲ್ಲ. ಹಳೇದಾಗಿದ್ರೆ ಏಳೂವರೆ" ಅಂದರು. "ಹಳೇದಾಗಿದ್ರೆ ಹೊತ್ತಿಸೋಕೆ ಕೈಗೆ ಎಲ್ಲಿ ಎಟುಕ್ತಿತ್ತು ಬಿಡಿ."

"ಹಳೇದಾಗಿದ್ರೆ ಐದೂವರೆಗೇ ನನಗೆ ಗೊತ್ತಾಗ್ತಿತ್ತು" ಅಂದೆ.

ಆಗ ಅವರು ಮೆಲ್ಲಗೆ ಹೇಳಿದರು. ಬಿದ್ದಲ್ಲಿಂದಲೇ ಗೋಡೆಯ ತೂಕದ ಕಲ್ಲೊಂದನ್ನ ಎಳೆದುಕೊಂಡು ಕೈ ಸೋಲುವವರೆಗೂ ನೆಲ ಕುಟ್ಟಿದರಂತೆ. ನಾನು ಜಲ್ಲಿ ಮೇಲೆ ನಡೆದು ನೀರಿಗೆ ಹೋದದ್ದು, ನನ್ನ ಕೆಮ್ಮು, ಎಲ್ಲ ಸಣ್ಣಗೆ ಕೇಳಿಸ್ತಿತ್ತಂತೆ. ಕೂಗಿದರಂತೆ. ಆ ಪರದೆ ದಾಟಿ ಒಂದು ಸದ್ದೂ ನನ್ನವರೆಗೆ ಬರಲಿಲ್ಲ. ಅಷ್ಟು ಬಿಗಿಯಾಗಿ ಹೊಲಿದಿದ್ದೆ ನಾನು.

"ನಿಮ್ಮ ತಪ್ಪಲ್ಲ" ಅಂದರು. "ಆದ್ರೆ ನೀವು ಸೌಟು ಬಡಿಯೋದು ನಿಲ್ಲಿಸಿದ್ರಲ್ಲ, ಅವತ್ತಿಂದಲೇ ನನಗೆ ಬೆಳಗಾದ ಹಾಗೆ ಇರಲಿಲ್ಲ ಅಕ್ಕಾ. ನಾಲ್ಕು ವರ್ಷ, ನೀವು ಬಡಿದ ಮೇಲೇ ನಾನು ಚಹಾಕ್ಕೆ ನೀರಿಡ್ತಿದ್ದದ್ದು. ಸರಿ, ಪಕ್ಕದವರು ಎದ್ರು ಅಂತ."

ನಾನು ಎದ್ದುಹೋಗಿ ವಾರ್ಡಿನ ಕಿಟಕಿ ಹತ್ತಿರ ನಿಂತು ಅತ್ತೆ. ಗಂಡ ಬಿಟ್ಟು ಹೋದಾಗಲೂ ಹಾಗೆ ಅತ್ತವಳಲ್ಲ. ನಾಲ್ಕು ವರ್ಷ ನಾನು ಬೈಗುಳ ಅಂತ ಬಡಿದದ್ದನ್ನ ಆ ಮನುಷ್ಯ ನನ್ನ ಕ್ಷೇಮಸಮಾಚಾರ ಅಂತ ಕೇಳಿಸಿಕೊಂಡಿದ್ದರು. ನಾನೂ ಅವರ ಗುರ್ರ್ ಸದ್ದನ್ನ ಹಾಗೇ ಕೇಳಿಸಿಕೊಳ್ತಿದ್ದೆ, ನನಗೇ ಗೊತ್ತಿರಲಿಲ್ಲ ಅಷ್ಟೇ.

ತಂಗಿ ಬಂದರು. ಅಣ್ಣನ ಮೇಲೆ ಪ್ರೀತಿಯಿದ್ದವರೇ, ಗಟ್ಟಿ ಹೆಂಗಸು. "ಇನ್ನು ಗಾಡಿ ಗೀಡಿ ಅಂದ್ರೆ ಸುಮ್ಮನಿರಲ್ಲಣ್ಣ, ನಮ್ಮನೇಲಿ ಒಂದು ರೂಮು ಖಾಲಿ ಬಿದ್ದಿದೆ" ಅಂತ ಒಂದೇ ಮಾತಿಗೆ ತೀರ್ಮಾನ ಮಾಡಿದರು. ತಕ್ಕಡಿಯವರು ಎದುರಾಡಲಿಲ್ಲ. ಊರುಗೋಲಿನಲ್ಲಿ ಗಾಡಿಯ ಮೂರು ಮೆಟ್ಟಿಲು ಹತ್ತೋಕಾಗಲ್ಲ ಅಂತ ಅವರಿಗೂ ಗೊತ್ತಿತ್ತು. ಹೋಗುವ ದಿನ ಕಾರಿನ ಕಿಟಕಿ ಇಳಿಸಿ ನನ್ನನ್ನ ಕರೆದರು.

"ಹಳೇ ಹೀಟರು ನಿಮಗೆ. ಗುಜರಿಗೆ ಹಾಕೋದಾದ್ರೆ ಮೋಸ ಹೋಗಬೇಡಿ. ಹನ್ನೊಂದು ಕಿಲೋ ನಾನೂರು ಗ್ರಾಂ ಇದೆ, ತೂಗಿದ್ದೀನಿ."

"ನೀವು ಹುಷಾರು ತಕ್ಕಡಿಯವರೇ" ಅಂದೆ. ಇನ್ನೇನೇನೋ ಹೇಳಬೇಕಿತ್ತು. ಕಾರು ಹೋಯಿತು. ಮೈದಾನದಲ್ಲಿ ಅವತ್ತು ಇದ್ದಷ್ಟು ನಿಶ್ಶಬ್ದ ನಾನು ಜೀವಮಾನದಲ್ಲಿ ಕೇಳಿರಲಿಲ್ಲ.

ನಾನು ಗುಜರಿಗೆ ಹಾಕಲಿಲ್ಲ. ಅಂಗಡಿಯವನನ್ನ ಕರೆಸಿ, ನನ್ನ ಗಾಡಿಯಲ್ಲಿದ್ದ ಚಿಕ್ಕ ಹೀಟರು ತೆಗೆಸಿ ಇದನ್ನ ಹಾಕಿಸಿಕೊಂಡೆ. ಅವನು ತಲೆ ಚಚ್ಚಿಕೊಂಡ. "ಅಮ್ಮಾ, ಎಲ್ಲರೂ ಕಮ್ಮಿ ತಿನ್ನೋದು ಬೇಕು ಅಂತ ಬರ್ತಾರೆ. ನೀವು ಇರೋ ಚಿಕ್ಕದನ್ನ ಕಿತ್ತು ಈ ರಾಕ್ಷಸನ್ನ ಹಾಕಿಸ್ಕೊಳ್ತಿದ್ದೀರಿ. ಅದೂ ಕೈಯಿಂದ ಹೊತ್ತಿಸೋದು. ಆ ಗುಂಡಿನಾದ್ರೂ ಹೊಸದು ಹಾಕ್ತೀನಿ, ತಾನೇ ಉರಿಯುತ್ತೆ."

"ಗುಂಡಿ ಮುಟ್ಟಬೇಡ" ಅಂದೆ. ಅವನು ಪೈಪಿನ ಸಂದಿಗೆಲ್ಲ ಸೋಪಿನ ನೊರೆ ಹಚ್ಚಿ, ಸೋರಿಕೆ ಇಲ್ಲ ಅಂತ ನೋಡಿ, ಈ ಮುದುಕಿಗೆ ತಲೆ ಕೆಟ್ಟಿದೆ ಅನ್ನೋ ಮುಖ ಮಾಡಿಕೊಂಡು ಹೋದ.

ದಿನಾ ಐದೂವರೆಗೆ ಎದ್ದು ನಾನೇ ಹೊತ್ತಿಸ್ತೀನಿ. ಟಕ್, ಟಕ್, ಭುಸ್, ಗುರ್ರ್. ಪಕ್ಕದ ಗಾಡಿ ಖಾಲಿ. ಯಾರಿಗೆ ಕೇಳಿಸಬೇಕು? ಯಾರಿಗೂ ಇಲ್ಲ. ಎರಡು ತಿಂಗಳು ಹೀಗೇ ಖಾಲಿ ಗೋಡೆಗೆ ಕೇಳಿಸ್ತಾ ಬದುಕಿದೆ. ಒಂದೊಂದು ಬೆಳಿಗ್ಗೆ ನನ್ನ ನಾಲ್ಕನೇ ದಿನ ಹೇಗಿರುತ್ತೆ ಅಂತ ಯೋಚಿಸ್ತಾ ಕೂತುಬಿಡ್ತಿದ್ದೆ. ಯಾರು ಬಾಗಿಲು ಮೀಟ್ತಾರೆ, ಒಳಗೆ ಬಂದವರು ಮೊದಲು ಏನು ನೋಡ್ತಾರೆ ಅಂತ ಪಾತ್ರೆಗಳನ್ನ ಬೇಗ ತೊಳೆದಿಡೋ ಚಾಳಿಯೂ ಬಂತು.

ಹೋದ ವಾರ ತಕ್ಕಡಿಯವರ ಗಾಡಿಯನ್ನ ಗಂಡ ಹೆಂಡತಿ ಜೋಡಿಯೊಂದು ಕೊಂಡುಕೊಂಡು ಅಲ್ಲೇ ಇರೋಕೆ ಬಂತು. ಹುಡುಗಿ ಆಸ್ಪತ್ರೆಯಲ್ಲಿ ನರ್ಸು. ನಾನು ಹೊಲಿದ ಪರದೆಗಳನ್ನೆಲ್ಲ ಬೆಳಕು ಬರಲ್ಲ ಅಂತ ಬಿಚ್ಚಿ ಮಂಚದ ಕೆಳಗೆ ತುರುಕಿದ್ದಾಳೆ. ಮೊದಲಾಗಿದ್ರೆ ನಾನು ಕೆಂಡ ಆಗ್ತಿದ್ದೆ. ನಿನ್ನೆ ಬೆಳಿಗ್ಗೆ ಕೂದಲು ಕೆದರಿಕೊಂಡು, ಶಾಲು ಹೊದ್ದು ನನ್ನ ಬಾಗಿಲಿಗೆ ಬಂದಳು.

"ಆಂಟಿ, ತಪ್ಪು ತಿಳ್ಕೋಬೇಡಿ. ನಿಮ್ಮ ಹೀಟರು ತುಂಬಾ ಶಬ್ದ ಮಾಡುತ್ತೆ. ನನಗೆ ರಾತ್ರಿ ಪಾಳಿ, ಆಗ ತಾನೇ ಬಂದು ಮಲಗಿರ್ತೀನಿ."

"ದಿನಾ ಕೇಳಿಸುತ್ತಾ?" ಅಂದೆ.

"ದಿನಾ ಆಂಟಿ. ಐದೂವರೆಗೆ ಸರಿಯಾಗಿ."

"ಮೊನ್ನೆನೂ ಕೇಳಿಸ್ತಾ? ಮೊನ್ನೆ ಗಾಳಿ ಜೋರಿತ್ತು."

"ಕೇಳಿಸ್ತು" ಅಂದಳು, ಇವಳೇನು ಹೀಗೆ ಕೇಳ್ತಾಳೆ ಅನ್ನೋ ಹಾಗೆ ನನ್ನ ಮುಖವನ್ನೇ ನೋಡುತ್ತಾ.

ನನಗೆ ಅವಳನ್ನ ತಬ್ಬಿಕೊಳ್ಳಬೇಕು ಅನ್ನಿಸಿತು. ಒಳಗೆ ಕರೆದು ಕೂರಿಸಿದೆ. ಮೊಟ್ಟಮೊದಲ ಸಲ ಬಿಗುಮಾನ ಬಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ಮೂರನೇ ನಂಬರಿನ ಟೀಚರಮ್ಮ, ತಕ್ಕಡಿಯವರು, ಸೌಟಿನ ಮೂರು ಪೆಟ್ಟು, ಎರಡು ಹಾಲಿನ ಪ್ಯಾಕೆಟ್ಟು, ಎಲ್ಲ. "ಹತ್ತು ನಿಮಿಷ ಉರಿಸಿ ಆರಿಸ್ತೀನಿ ಮಗಳೇ, ಆಮೇಲೆ ನಿದ್ದೆ ಮಾಡು. ಆದ್ರೆ ಒಂದು ದಿನ ಅದು ಕೇಳಿಸದೇ ಇದ್ರೆ ಮಾತ್ರ ಮಲಗಬೇಡ. ಬಂದು ನೋಡು." ಹುಡುಗಿ ಗೋಡೆಯ ಮೇಲಿದ್ದ ಸೊಟ್ಟ ಸೌಟನ್ನೇ ನೋಡುತ್ತಾ ಕೂತಿದ್ದಳು. ಹೋಗುವಾಗ ಅದನ್ನ ಕೇಳಿ ತಗೊಂಡು ಹೋದಳು.

ಇವತ್ತು ಬೆಳಿಗ್ಗೆ ಐದೂವರೆಗೆ ಎದ್ದು ಹೀಟರು ಹೊತ್ತಿಸಿದೆ. ಎರಡನೇ ಸಲಕ್ಕೆ ಹಿಡಿಯಿತು. ಹಾಸಿಗೆಯ ಅಂಚಿನಲ್ಲಿ ಕೂತೆ. ಪಕ್ಕದ ಗಾಡಿಯ ತಗಡಿನ ಮೇಲೆ ಮೂರು ಪೆಟ್ಟು ಬಿತ್ತು.

ನಾನು ಎದ್ದು ಚಹಾಕ್ಕೆ ನೀರಿಟ್ಟೆ.